‘ಉಳಿಸು’ ಎಂದದ್ದೆಲ್ಲ ಉಳಿಯುತ್ತದೆಯೇ?
ಅಸ್ಥಿರ ವಿದ್ಯುತ್ತು ಮತ್ತು ಲಿನಕ್ಸ್ ಕಡತ ವ್ಯವಸ್ಥೆಗಳು: ಒಂದು ವಿಮರ್ಶೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಯಾರಿಗೂ ಸುದ್ದಿಯಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ ವಿದ್ಯುತ್ ತಂತಿಗಳು ತೋಟ, ಗುಡ್ಡ, ಕಾಡುಗಳ ನಡುವೆ ಹಾದು ಬರಬೇಕು. ಗಾಳಿಗೆ ಒಂದು ಕೊಂಬೆ ಮುರಿದರೂ ಸಾಕು, ಊರು ಕತ್ತಲಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಇಲ್ಲಿ ಕಂಬಗಳೇ ಉರುಳಿದವು. ಹಾಗೆಂದು ಜಿಲ್ಲೆಯಲ್ಲಿ ವಿದ್ಯುತ್ತಿನ ಉತ್ಪಾದನೆಗೆ ಕೊರತೆಯಿಲ್ಲ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 240 ಮೆಗಾವಾಟ್. ಉತ್ತರಕ್ಕಿರುವ ಕೈಗಾ ಅಣುವಿದ್ಯುತ್ ಕೇಂದ್ರದ್ದು 880 ಮೆಗಾವಾಟ್. ವಿದ್ಯುತ್ತನ್ನು ಉತ್ಪಾದಿಸುವುದು ಬೇರೆ, ಶಾಲೆಯ ಗೋಡೆಯಲ್ಲಿರುವ ಪ್ಲಗ್ಗಿನವರೆಗೆ ಅದನ್ನು ತಡೆಯಿಲ್ಲದೆ ಒಯ್ಯುವುದು ಬೇರೆ.

ಈ ಪ್ಲಗ್ಗಿಗೆ ಜೋಡಿಸಿದ ಗಣಕಗಳಲ್ಲಿ ಈಗ ಲಿನಕ್ಸ್ ಸಾಕಷ್ಟು ಬಳಕೆಯಲ್ಲಿದೆ. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವಿನ ಪರಿಚಯ ಮಾಡಿಸಿದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ‘ಐಟಿ ಅಟ್ ಸ್ಕೂಲ್’ ಯೋಜನೆಯ (2017ರಿಂದ ಅದರ ಹೆಸರು ‘ಕೈಟ್’) ಮೂಲಕ ಗ್ನೂ/ಲಿನಕ್ಸ್‌ನಲ್ಲಿಯೇ ಗಣಕ ಕಲಿಯುತ್ತಾರೆ. ಅಂಕಗಳನ್ನು ಕೊನೆಗೆ ಅಂತರಜಾಲದ ಮೂಲಕ ಇಲಾಖೆಗೆ ಕಳಿಸುವುದಾದರೂ ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ಪ್ರಯೋಗದ ದಾಖಲೆ, ಮಕ್ಕಳ ಚಿತ್ರ ಇವೆಲ್ಲ ಮೊದಲು ಸಿದ್ಧವಾಗುವುದು ಮುಂದಿರುವ ಗಣಕದಲ್ಲೇ. ಆದ್ದರಿಂದ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಕರೆಂಟ್ ಯಾವಾಗ ಬೇಕಾದರೂ ಹೋಗಬಹುದಾದ ಕಡೆ ಲಿನಕ್ಸ್‌ನ ಹಲವು ಕಡತ ವ್ಯವಸ್ಥೆಗಳಲ್ಲಿ (ಫೈಲ್ ಸಿಸ್ಟಮ್) ಯಾವುದನ್ನು ನಂಬಬಹುದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ: “ಜರ್ನಲ್ ಇರುವ ಯಾವುದಾದರೂ ಆದೀತು.” ಈ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧ ಏನೆಂದು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಒಂದು ಕಡತ ಉಳಿಯುವ ಬಗೆ

‘ಉಳಿಸು’ ಎಂಬ ಆಯ್ಕೆಯನ್ನು ಒತ್ತಿದ ಕೂಡಲೇ ಬರೆದದ್ದು ಡಿಸ್ಕಿಗೆ ಸೇರಿತೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಮೂರು ತಂಗುದಾಣಗಳನ್ನು ದಾಟಬೇಕು. ಮೊದಲು ನಾವು ಬಳಸುವ ತಂತ್ರಾಂಶವು ಮಾಹಿತಿಯನ್ನು ಕರ್ನೆಲ್‌ಗೆ ಒಪ್ಪಿಸುತ್ತದೆ. ಕರ್ನೆಲ್ ಅದನ್ನು ತಕ್ಷಣ ಬರೆಯದೆ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಈ ಕಾಯುವಿಕೆ 30 ಸೆಕೆಂಡಿನಷ್ಟಾಗಬಹುದು. ಬಳಿಕ ಅದು ಡಿಸ್ಕಿನೊಳಗೇ ಇರುವ ಪುಟ್ಟ ಸ್ಮೃತಿಗೆ, ಅಂದರೆ ಕ್ಯಾಶ್‌ಗೆ, ಹೋಗುತ್ತದೆ. ಕಡೆಗೆ ಅಯಸ್ಕಾಂತೀಯ ತಟ್ಟೆಯನ್ನೋ ಫ್ಲಾಶ್ ಚಿಪ್ಪನ್ನೋ ಸೇರುತ್ತದೆ. ಮೊದಲ ಮೂರರಲ್ಲಿ ಎಲ್ಲಿದ್ದಾಗ ಕರೆಂಟ್ ಹೋದರೂ ಮಾಹಿತಿ ಅಳಿದಂತೆಯೇ.

ಇನ್ನೊಂದು ತೊಡಕೂ ಇದೆ. ಒಂದು ಕಡತ ಬರೆಯುವುದೆಂದರೆ ಒಂದೇ ಕೆಲಸವಲ್ಲ. ಮಾಹಿತಿಯನ್ನು ಡಿಸ್ಕಿನ ಖಾಲಿ ಜಾಗದಲ್ಲಿ ಇಡಬೇಕು. ಆ ಜಾಗ ಇನ್ನು ಖಾಲಿಯಲ್ಲವೆಂದು ಗುರುತಿಸಬೇಕು. ಕಡತದ ಉದ್ದ, ವೇಳೆ, ವಿಳಾಸಗಳನ್ನು ದಾಖಲಿಸಬೇಕು. ಹೆಸರನ್ನು ಕಡತಕೋಶದಲ್ಲಿ ಸೇರಿಸಬೇಕು. ಇವುಗಳಲ್ಲಿ ಎರಡು ಮುಗಿದು ಎರಡು ಬಾಕಿಯಿದ್ದಾಗ ಕರೆಂಟ್ ಹೋದರೆ ಲೆಕ್ಕ ತಪ್ಪುತ್ತದೆ. ಒಂದೇ ಜಾಗವನ್ನು ಎರಡು ಕಡತಗಳು ತನ್ನದೆನ್ನಬಹುದು. ಹೆಸರಿದ್ದೂ ಒಳಗೇನೂ ಇಲ್ಲದಿರಬಹುದು.

1993ರಲ್ಲಿ ಬಂದ ಎಕ್ಸ್ಟ್-2 ವ್ಯವಸ್ಥೆಯಲ್ಲಿ (ಎಕ್ಸ್‌ಟೆಂಡೆಡ್ ಎಂಬುದರ ಹ್ರಸ್ವರೂಪ ಎಕ್ಸ್ಟ್) ಇದಕ್ಕಿದ್ದ ಪರಿಹಾರ ಒಂದೇ: ಮತ್ತೆ ಚಾಲನೆಗೊಂಡಾಗ ಇಡೀ ಡಿಸ್ಕನ್ನು ಎಫ್‌ಎಸ್‌ಸಿಕೆ ಎಂಬ ತಪಾಸಣೆಗೆ ಒಳಪಡಿಸುವುದು. ಡಿಸ್ಕು ದೊಡ್ಡದಾದಷ್ಟೂ ತಪಾಸಣೆ ದೀರ್ಘ. ದೋಷ ಗಂಭೀರವಾಗಿದ್ದರೆ ಯಂತ್ರ ಅರ್ಧಕ್ಕೇ ನಿಂತು, ದುರಸ್ತಿಗಾಗಿ ನಿರ್ವಾಹಕರ ಗುಪ್ತಪದ ಕೇಳುತ್ತಿತ್ತು. ನಗರದ ಕಚೇರಿಯಲ್ಲಿ ಇದಕ್ಕೆ ಉತ್ತರಿಸಬಲ್ಲವರು ಇರುತ್ತಾರೆ. ಗುಡ್ಡದ ಮೇಲಿನ ಶಾಲೆಯಲ್ಲಿ ಆ ಕಪ್ಪು ಪರದೆಯೆಂದರೆ ‘ಗಣಕ ಹಾಳಾಯಿತು’ ಎಂದೇ ಅರ್ಥ.

ಕೀರ್ದಿ ಇದ್ದರೆ ಸಾಕೇ?

ಈ ತೊಂದರೆಗೆ ಕಂಡುಕೊಂಡ ಮದ್ದೇ ಜರ್ನಲ್. ನಮ್ಮ ಪೇಟೆಯ ವ್ಯಾಪಾರಿಗಳಿಗೆ ಇದು ಹೊಸ ಉಪಾಯವಲ್ಲ. ಅಂಗಡಿಯಲ್ಲಿ ನಡೆದ ವ್ಯವಹಾರವನ್ನು ಮೊದಲು ರೋಜುಕೀರ್ದಿಯಲ್ಲಿ ಬರೆದು, ಆಮೇಲೆ ಬಿಡುವಾದಾಗ ಆಯಾ ಖಾತೆಗಳಿಗೆ ಏರಿಸುತ್ತಾರೆ. ನಡುವೆ ಕೆಲಸ ನಿಂತುಹೋದರೆ ಎಲ್ಲ ಖಾತೆಗಳನ್ನೂ ತಡಕಬೇಕಿಲ್ಲ. ಕೀರ್ದಿಯ ಕೊನೆಯ ಪುಟ ನೋಡಿದರೆ ಯಾವುದು ಏರಿದೆ, ಯಾವುದು ಬಾಕಿ ಎಂದು ತಿಳಿಯುತ್ತದೆ. ಜರ್ನಲ್ ಕೆಲಸ ಮಾಡುವುದೂ ಹೀಗೆಯೇ. ಒಂದೇ ನಮೂದನ್ನು ಎರಡು ಸಲ ಏರಿಸಿದರೂ ಫಲಿತಾಂಶ ಬದಲಾಗದಂತೆ ಅದನ್ನು ರಚಿಸಿರುತ್ತಾರೆ. ಆದ್ದರಿಂದ ಚೇತರಿಕೆಯ ನಡುವೆಯೇ ಮತ್ತೊಮ್ಮೆ ಕರೆಂಟ್ ಹೋದರೂ ಹಾನಿಯಿಲ್ಲ.

ಆದರೆ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೊಯ್ಯೋಣ. ಹತ್ತು ಮೂಟೆ ಅಕ್ಕಿ ಗೋದಾಮಿಗೆ ಬಂತೆಂದು ಕೀರ್ದಿಯಲ್ಲಿದೆ. ಅಕ್ಕಿ ನಿಜವಾಗಿ ಬಂತೇ, ದಾರಿಯಲ್ಲಿ ನೆನೆಯಿತೇ ಎಂಬುದನ್ನು ಕೀರ್ದಿ ಹೇಳುವುದಿಲ್ಲ. ಬಹುಪಾಲು ಕಡತ ವ್ಯವಸ್ಥೆಗಳ ಜರ್ನಲ್ ಸಹ ಇಷ್ಟೇ. ಅದು ಕಾಯುವುದು ಲೆಕ್ಕವನ್ನು, ಅಂದರೆ ಹೆಸರು, ವಿಳಾಸ, ಉದ್ದಗಳನ್ನು. ಕಡತದ ಒಳಗಿರುವ ನಿಮ್ಮ ಬರಹವನ್ನಲ್ಲ. “ಜರ್ನಲ್ ಇದೆ, ಆದ್ದರಿಂದ ಸುರಕ್ಷಿತ” ಎನ್ನುವವರು ಮರೆಯುವುದು ಇದನ್ನೇ.

2001ರ ನವೆಂಬರ್‌ನಲ್ಲಿ ಕರ್ನೆಲ್‌ಗೆ ಸೇರಿದ ಎಕ್ಸ್ಟ್-3 ಈ ಭೇದವನ್ನು ಮುಚ್ಚಿಡಲಿಲ್ಲ. ಸ್ಟೀಫನ್ ಟ್ವೀಡಿ ರೂಪಿಸಿದ ಈ ವ್ಯವಸ್ಥೆ ಬಳಕೆದಾರರ ಮುಂದೆ ಮೂರು ವಿಧಾನಗಳನ್ನು ಇಟ್ಟಿತು. ‘ರೈಟ್‌ಬ್ಯಾಕ್’ ವಿಧಾನದಲ್ಲಿ ಲೆಕ್ಕ ಮಾತ್ರ ಭದ್ರ, ಮಾಹಿತಿ ಯಾವಾಗ ಬೇಕಾದರೂ ಬರಬಹುದು. ‘ಆರ್ಡರ್ಡ್’ ವಿಧಾನದಲ್ಲಿ ಮೊದಲು ಮಾಹಿತಿ ಡಿಸ್ಕಿಗೆ ಹೋಗಿ, ಆಮೇಲೆ ಲೆಕ್ಕ ಪಕ್ಕಾ ಆಗುತ್ತದೆ. ಮೂಟೆ ಇಳಿದ ಮೇಲೆ ಕೀರ್ದಿ ಬರೆದಂತೆ. ‘ಜರ್ನಲ್’ ವಿಧಾನದಲ್ಲಿ ಮಾಹಿತಿ ಮತ್ತು ಲೆಕ್ಕ ಎರಡೂ ಮೊದಲು ಜರ್ನಲ್‌ಗೆ ಹೋಗುತ್ತವೆ; ಎಲ್ಲವನ್ನೂ ಎರಡೆರಡು ಸಲ ಬರೆಯಬೇಕಾದ್ದರಿಂದ ವೇಗ ಕಡಿಮೆ. ಎಕ್ಸ್ಟ್-3 ನಡುವಿನ ವಿಧಾನವನ್ನು ತನ್ನ ಸಾಮಾನ್ಯ ಆಯ್ಕೆಯಾಗಿ ಇಟ್ಟುಕೊಂಡು, 5 ಸೆಕೆಂಡಿಗೊಮ್ಮೆ ಜರ್ನಲನ್ನು ಡಿಸ್ಕಿಗೆ ಒಪ್ಪಿಸುತ್ತಿತ್ತು.

ವೇಗದ ಹಂಬಲ ತಂದ ಪಾಠಗಳು

ಕಡತ ವ್ಯವಸ್ಥೆಗಳ ಹೋಲಿಕೆಯೆಂದರೆ ಹೆಚ್ಚಾಗಿ ವೇಗದ ಹೋಲಿಕೆ. ಸೆಕೆಂಡಿಗೆ ಎಷ್ಟು ಕಡತ, ಎಷ್ಟು ಮೆಗಾಬೈಟ್ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಕರೆಂಟ್ ಕಿತ್ತ ಮೇಲೆ ಏನು ಉಳಿಯಿತೆಂಬ ಪಟ್ಟಿ ಸಿಗುವುದು ಅಪರೂಪ. ಈ ಅಳತೆಗೋಲು ಹಿಡಿದು ನೋಡಿದರೆ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಹ್ಯಾನ್ಸ್ ರೈಸರ್ ತಂಡದ ರೈಸರ್‌ಎಫ್‌ಎಸ್ 2001ರ ಜನವರಿಯಲ್ಲಿ ಲಿನಕ್ಸ್ ಕರ್ನೆಲ್ ಸೇರಿದ ಮೊದಲ ಜರ್ನಲ್ ವ್ಯವಸ್ಥೆ. ಸಣ್ಣ ಕಡತಗಳಲ್ಲಿ ಅದರ ವೇಗಕ್ಕೆ ಎಲ್ಲರೂ ಬೆರಗಾದರು. ಸೂಸೆ ಲಿನಕ್ಸ್ ವರ್ಷಗಳ ಕಾಲ ಅದನ್ನೇ ಮುಖ್ಯ ವ್ಯವಸ್ಥೆಯಾಗಿ ಬಳಸಿತು. ಆದರೆ ಮೊದಲ ವರ್ಷಗಳಲ್ಲಿ ಅದು ಕಾದದ್ದು ಲೆಕ್ಕವನ್ನು ಮಾತ್ರ. ಕರೆಂಟ್ ಹೋಗಿ ಬಂದ ಮೇಲೆ ಹೆಸರು, ಉದ್ದ ಸರಿಯಿದ್ದು ಒಳಗೆ ಹಳೆಯ ಕಸ ತುಂಬಿದ ಕಡತಗಳು ಸಿಗಬಹುದಾಗಿತ್ತು. ನಿರ್ವಹಿಸುವವರು ಕಡಿಮೆಯಾಗುತ್ತ ಬಂದ ಈ ವ್ಯವಸ್ಥೆಯನ್ನು 2025ರ ಜನವರಿಯಲ್ಲಿ ಬಂದ 6.13ನೆಯ ಕರ್ನೆಲ್‌ನಿಂದ ತೆಗೆದುಹಾಕಲಾಗಿದೆ. ಹತ್ತು ವರ್ಷ ಬಾಳಬೇಕಾದ ಶಾಲೆಯ ಗಣಕಕ್ಕೆ ವ್ಯವಸ್ಥೆ ಆರಿಸುವಾಗ ಅದನ್ನು ಮುಂದೆಯೂ ನೋಡಿಕೊಳ್ಳುವವರು ಎಷ್ಟು ಮಂದಿ ಎಂಬುದೂ ಗುಣದ ಲೆಕ್ಕವೇ.

ಎಕ್ಸ್‌ಎಫ್‌ಎಸ್ ಹುಟ್ಟಿದ್ದು ಸಿಲಿಕಾನ್ ಗ್ರಾಫಿಕ್ಸ್ ಕಂಪೆನಿಯ ದುಬಾರಿ ಯಂತ್ರಗಳಿಗಾಗಿ. ಆ ಯಂತ್ರಗಳಲ್ಲಿ ವಿದ್ಯುತ್ ಕುಸಿಯುತ್ತಿರುವುದನ್ನು ಗಣಕಕ್ಕೆ ಮೊದಲೇ ತಿಳಿಸುವ ಏರ್ಪಾಡಿತ್ತು, ಸಾಮಾನ್ಯ ಪಿ.ಸಿ.ಗಳಲ್ಲಿ ಇರಲಿಲ್ಲ ಎಂದು ಎಕ್ಸ್ಟ್-4ರ ನಿರ್ವಾಹಕ ಥಿಯೊಡೋರ್ ತ್ಸೊ ಗಮನಸೆಳೆದಿದ್ದರು. ಲಿನಕ್ಸ್‌ಗೆ ಬಂದ ಆರಂಭದ ದಿನಗಳಲ್ಲಿ ಕರೆಂಟ್ ಹೋದ ಮೇಲೆ ಎಕ್ಸ್‌ಎಫ್‌ಎಸ್‌ನ ಕಡತಗಳಲ್ಲಿ ಬರೀ ಸೊನ್ನೆಗಳು ತುಂಬಿರುವುದು ಕುಖ್ಯಾತವಾಗಿತ್ತು. 2007ರಲ್ಲಿ ಇದಕ್ಕೆ ಮುಖ್ಯ ತಿದ್ದುಪಡಿ ಆಯಿತು. ಇಂದಿನ ಎಕ್ಸ್‌ಎಫ್‌ಎಸ್ ಗಟ್ಟಿಯಾದ ವ್ಯವಸ್ಥೆ. ರೆಡ್ ಹ್ಯಾಟ್ ತನ್ನ 7ನೆಯ ಆವೃತ್ತಿಯಿಂದ (2014) ಅದನ್ನೇ ಮುಖ್ಯವಾಗಿ ಬಳಸುತ್ತಿದೆ. ಅದರ ದೋಷ ತೀವ್ರವಾದರೆ ಮಾತ್ರ ಚಾಲನೆಯ ಹೊತ್ತಿನ ತಪಾಸಣೆ ನೆರವಿಗೆ ಬರುವುದಿಲ್ಲ. ತಿಳಿದವರೊಬ್ಬರು ಕುಳಿತು ದುರಸ್ತಿ ಮಾಡಬೇಕು.

ಅತ್ಯಂತ ಪಾಠ ಹೇಳುವ ಪ್ರಸಂಗ ಎಕ್ಸ್ಟ್-4ರದು. 2008ರ ಡಿಸೆಂಬರ್‌ನಲ್ಲಿ ಸ್ಥಿರವೆಂದು ಘೋಷಿತವಾದ ಇದು, ಮಾಹಿತಿಗೆ ಡಿಸ್ಕಿನಲ್ಲಿ ಜಾಗ ಹಂಚುವ ಕೆಲಸವನ್ನು ಸಾಧ್ಯವಾದಷ್ಟು ಮುಂದೂಡುವ ಉಪಾಯದಿಂದ ವೇಗ ಗಳಿಸಿತು. 2009ರ ಆರಂಭದಲ್ಲಿ ಉಬುಂಟು 9.04ನ್ನು ಪರೀಕ್ಷಿಸುತ್ತಿದ್ದವರು ದೂರಿದರು: ಯಂತ್ರ ಹಠಾತ್ತನೆ ನಿಂತು ಮತ್ತೆ ಚಾಲನೆಗೊಂಡಾಗ ಆಗಷ್ಟೇ ಬರೆದ ಕಡತಗಳ ಉದ್ದ ಸೊನ್ನೆ! ಎಕ್ಸ್ಟ್-3ರಲ್ಲಿ 5 ಸೆಕೆಂಡಿನಷ್ಟಿದ್ದ ಅಪಾಯದ ಅವಧಿ ಇಲ್ಲಿ ಅರ್ಧ ನಿಮಿಷವನ್ನೂ ಮೀರಬಹುದಾಗಿತ್ತು. ತ್ಸೊ ಅವರ ಉತ್ತರ ಶಾಸ್ತ್ರದ ಪ್ರಕಾರ ಸರಿಯೇ ಇತ್ತು. ಮಾಹಿತಿ ಡಿಸ್ಕಿಗೆ ತಲುಪಲೇಬೇಕೆಂದರೆ ತಂತ್ರಾಂಶ ‘ಎಫ್‌ಸಿಂಕ್’ ಎಂಬ ಆಜ್ಞೆ ಕೊಡಬೇಕು. ಕೊಡದೆ ಇದ್ದರೆ ಕಡತ ವ್ಯವಸ್ಥೆಯನ್ನು ದೂರುವಂತಿಲ್ಲ. ತಂತ್ರಾಂಶ ಬರೆದವರ ವಾದವೂ ತಳ್ಳಿಹಾಕುವಂಥದ್ದಲ್ಲ. ಎಕ್ಸ್ಟ್-3ರಲ್ಲಿ ಆ ಆಜ್ಞೆ ಕೊಟ್ಟರೆ ಯಂತ್ರ ತಡವರಿಸುತ್ತಿತ್ತು, ಕೊಡದಿದ್ದರೂ ನಡೆಯುತ್ತಿತ್ತು. ವರ್ಷಗಟ್ಟಲೆ ನಡೆದ ರೂಢಿಯನ್ನು ಒಂದು ದಿನ ಮುರಿದು ನಿಯಮಪುಸ್ತಕ ತೋರಿಸುವುದು ಎಷ್ಟು ಸರಿ? ಕೊನೆಗೆ ತ್ಸೊ ಅವರೇ ಹಳೆಯ ಕಡತದ ಜಾಗಕ್ಕೆ ಹೊಸದನ್ನು ತರುವ ಸಾಮಾನ್ಯ ಸಂದರ್ಭಗಳನ್ನು ಗುರುತಿಸಿ ಮಾಹಿತಿಯನ್ನು ಕೂಡಲೇ ಬರೆಯುವ ತಿದ್ದುಪಡಿ ಮಾಡಿದರು. ಎಕ್ಸ್ಟ್-4ರ ನಿಜವಾದ ಮೆಚ್ಚುಗೆ ಸಲ್ಲಬೇಕಾದುದು ಈ ತಿದ್ದುಪಡಿಗೆ. ನಿಯಮಕ್ಕಿಂತ ಬಳಕೆದಾರನ ಕಡತ ದೊಡ್ಡದೆಂದು ಅದು ಒಪ್ಪಿಕೊಂಡಿತು.

ಎಕ್ಸ್ಟ್-3ರ ಮೇಲೂ ಒಂದು ಗಂಭೀರ ಆಕ್ಷೇಪವಿದೆ. ಡಿಸ್ಕು ತನ್ನ ಕ್ಯಾಶ್‌ನಲ್ಲಿರುವುದನ್ನು ತನಗೆ ಅನುಕೂಲವಾದ ಕ್ರಮದಲ್ಲಿ ಬರೆಯುತ್ತದೆ. ಮೂಟೆಗಿಂತ ಮುಂಚೆ ಕೀರ್ದಿ ಬರೆದುಬಿಟ್ಟರೆ ಜರ್ನಲ್‌ನ ಅರ್ಥವೇ ಹೋಯಿತು. ಇದನ್ನು ತಡೆಯಲು ‘ಬ್ಯಾರಿಯರ್’ ಎಂಬ ತಡೆಗಂಬವಿದೆ. ಇಲ್ಲಿಯವರೆಗಿನದು ಭದ್ರವಾಗಿ ಬರೆದ ಮೇಲೆಯೇ ಮುಂದಿನದು ಎಂದು ಅದು ಡಿಸ್ಕಿಗೆ ಹೇಳುತ್ತದೆ. ವೇಗ ಕುಗ್ಗುತ್ತದೆಂಬ ಕಾರಣಕ್ಕೆ ಎಕ್ಸ್ಟ್-3ರಲ್ಲಿ ಈ ತಡೆಗಂಬ ಮೂಲ ಕರ್ನೆಲ್‌ನಲ್ಲಿ 2011ರವರೆಗೂ ಸಾಮಾನ್ಯ ಆಯ್ಕೆಯಾಗಿರಲಿಲ್ಲ. ತಡೆಗಂಬವಿಲ್ಲದಿದ್ದರೆ ಕಡತ ವ್ಯವಸ್ಥೆ ನಿಜಕ್ಕೂ ಕೆಡುತ್ತದೆಂದು ಕ್ರಿಸ್ ಮೇಸನ್ 2008ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಎಕ್ಸ್ಟ್-4ರಲ್ಲಿ ಅದು ಮೊದಲಿನಿಂದಲೂ ಜಾರಿಯಲ್ಲಿದೆ. ‘ವೇಗ ಹೆಚ್ಚಿಸುವ ಸೂತ್ರಗಳು’ ಎಂದು ಯಾರಾದರೂ ಬ್ಯಾರಿಯರ್ ತೆಗೆಯಲು ಹೇಳಿದರೆ ನಮ್ಮ ಕರಾವಳಿಯವರು ಕೇಳಬಾರದು.

2009ರಲ್ಲಿ ಕರ್ನೆಲ್ ಸೇರಿದ ಬಿಟಿಆರ್‌ಎಫ್‌ಎಸ್ ಬೇರೆ ದಾರಿ ಹಿಡಿದಿದೆ. ಅದು ಹಳೆಯದರ ಮೇಲೆ ಬರೆಯುವುದೇ ಇಲ್ಲ. ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಎಲ್ಲ ಮುಗಿದ ಮೇಲೆ ವಿಳಾಸ ಬದಲಿಸುತ್ತದೆ. ಜೊತೆಗೆ ಪ್ರತಿ ಭಾಗಕ್ಕೂ ತಾಳೆಸಂಖ್ಯೆ ಇಡುವುದರಿಂದ ಮಾಹಿತಿ ಕೆಟ್ಟಿದ್ದರೆ ಸುಮ್ಮನೆ ಕೆಟ್ಟದ್ದನ್ನು ಕೊಡದೆ ‘ಕೆಟ್ಟಿದೆ’ ಎಂದು ಹೇಳುತ್ತದೆ. 2020ರಿಂದ ಫೆಡೋರಾದ ಮೇಜು ಗಣಕಗಳ ಆವೃತ್ತಿಯಲ್ಲಿ ಇದೇ ಮುಖ್ಯ ವ್ಯವಸ್ಥೆ. ತತ್ತ್ವದಲ್ಲಿ ಇದು ಎಲ್ಲಕ್ಕಿಂತ ಮೇಲು. ಆದರೆ ‘ಬರೆದಾಯಿತು’ ಎಂದು ಡಿಸ್ಕು ಸುಳ್ಳು ಹೇಳಿದರೆ ವಿಳಾಸ ಹೊಸದು, ಮಾಹಿತಿ ಹಳೆಯದು ಎಂಬಂತಾಗಿ ಇಡೀ ವಿಭಾಗವೇ ತೆರೆಯಲು ಒಪ್ಪದಿರಬಹುದು. ಆಗ ಪರಿಣತರ ನೆರವಿಲ್ಲದೆ ಅದನ್ನು ಸರಿಪಡಿಸುವುದು ಕಷ್ಟ.

ಕಡತ ವ್ಯವಸ್ಥೆಯ ಆಚೆಗೆ

ಡಿಸ್ಕು ಸುಳ್ಳು ಹೇಳುವುದುಂಟೇ? ಉಂಟು. 2013ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಪ್ರಯೋಗಾಲಯದ ಸಂಶೋಧಕರು 15 ಎಸ್‌ಎಸ್‌ಡಿಗಳ ಕರೆಂಟನ್ನು ಮತ್ತೆ ಮತ್ತೆ ಕಡಿದು ಪರೀಕ್ಷಿಸಿದರು. 13ರಲ್ಲಿ ಒಂದಲ್ಲ ಒಂದು ಬಗೆಯ ವೈಫಲ್ಯ ಕಂಡುಬಂತು. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡವೊಂದು ಇನ್ನೊಂದು ತುದಿಯನ್ನು, ಅಂದರೆ ತಂತ್ರಾಂಶಗಳನ್ನು, ಪರಿಶೀಲಿಸಿತು. ಹೆಸರಾಂತ 11 ತಂತ್ರಾಂಶಗಳಲ್ಲಿ, ಯಂತ್ರ ಹಠಾತ್ತನೆ ನಿಂತರೆ ತೊಂದರೆ ಕೊಡಬಲ್ಲ 60 ದುರ್ಬಲ ಜಾಗಗಳು ಸಿಕ್ಕವು. ಕಡತ ವ್ಯವಸ್ಥೆ ಬದಲಾದಂತೆ ಇವುಗಳಲ್ಲಿ ಕಾಣಿಸಿಕೊಳ್ಳುವ ದೋಷಗಳೂ ಬದಲಾದವು. ಎಕ್ಸ್ಟ್-3ರ ‘ಜರ್ನಲ್’ ವಿಧಾನದಲ್ಲಿ ಅವು ಕಡಿಮೆ.

ಅಂದರೆ ವಿಶ್ವಾಸಾರ್ಹತೆ ಒಂದು ಸರಪಳಿ. ತಂತ್ರಾಂಶ, ಕರ್ನೆಲ್, ಡಿಸ್ಕು, ವಿದ್ಯುತ್ತು ಇದರ ಕೊಂಡಿಗಳು. ಕಡತ ವ್ಯವಸ್ಥೆಯೊಂದನ್ನೇ ಬದಲಾಯಿಸಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು?

ಶಾಲೆ, ಗ್ರಂಥಾಲಯ, ಸಣ್ಣ ಕಚೇರಿಗಳ ಮಟ್ಟಿಗೆ ನಮ್ಮ ಉತ್ತರ ಎಕ್ಸ್ಟ್-4. ಅದು ಅತ್ಯಂತ ವೇಗದ್ದೆಂದಲ್ಲ, ಅತ್ಯಂತ ಹೊಸದೆಂದೂ ಅಲ್ಲ. ಅದರ ಸೋಲುಗಳು ಬಹುಮಟ್ಟಿಗೆ ಬಯಲಾಗಿವೆ, ತಿದ್ದಲ್ಪಟ್ಟಿವೆ. ಅದರ ತಪಾಸಣೆ ಹೆಚ್ಚಿನ ಸಲ ತಾನಾಗಿಯೇ ಮುಗಿಯುತ್ತದೆ. ದುರಸ್ತಿ ಬಲ್ಲವರು ಹತ್ತಿರದ ಊರಿನಲ್ಲಿ ಸಿಗುತ್ತಾರೆ. ದೂರದ ಶಾಲೆಗೆ ಇದು ಸಣ್ಣ ಗುಣವಲ್ಲ. ಬಿಟಿಆರ್‌ಎಫ್‌ಎಸ್ ಆರಿಸುವವರು ಒಳ್ಳೆಯ ಡಿಸ್ಕು ಮತ್ತು ಬೇರೆಡೆ ಇಟ್ಟ ಪ್ರತಿ ಎರಡೂ ಇದ್ದರೆ ಮಾತ್ರ ಆರಿಸಲಿ.

ಎಕ್ಸ್ಟ್-4ರೊಂದಿಗೆ ಮಾಡಬೇಕಾದ ಕೆಲಸಗಳೂ ಕೆಲವಿವೆ. ಕಾರ್ಯಾಚರಣ ವ್ಯವಸ್ಥೆಗೆ ಒಂದು, ಬಳಕೆದಾರರ ಕಡತಗಳಿಗೆ ಇನ್ನೊಂದು ವಿಭಾಗ ಮಾಡುವುದು ಮೊದಲನೆಯದು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಅಂಕಪಟ್ಟಿ, ಲೆಕ್ಕಪತ್ರಗಳ ವಿಭಾಗಕ್ಕೆ ‘ಜರ್ನಲ್’ ವಿಧಾನವನ್ನೇ ಬಳಸಬಹುದು. ಅಲ್ಲಿ ಬರೆಯುವುದು ಕೆಲವೇ ಕಿಲೊಬೈಟ್. ಎರಡು ಸಲ ಬರೆದರೂ ಯಾರಿಗೂ ತಡವೆನಿಸದು. ಮಕ್ಕಳು ಬಳಸುವ ರಾಸ್ಪ್‌ಬೆರಿ ಪೈನಂತಹ ಪುಟ್ಟ ಯಂತ್ರಗಳಲ್ಲಿ ಮೂಲ ವಿಭಾಗವನ್ನು ಓದಲು ಮಾತ್ರ ಎಂದು ಮಾಡಿಬಿಡುವುದು ಲೇಸು; ಬರೆಯದ ಕಾರ್ಡಿಗೆ ಅಪಾಯ ಬಹಳ ಕಡಿಮೆ.

ಮಳೆಗಾಲದಲ್ಲಿ ಕರೆಂಟ್ ಒಂದೇ ನಿಮಿಷದಲ್ಲಿ ಮೂರು ಸಲ ಬಂದು ಹೋಗುವುದುಂಟು. ಆದ್ದರಿಂದ ಕರೆಂಟ್ ಬಂದೊಡನೆ ಗಣಕ ತಾನಾಗಿ ಚಾಲನೆಗೊಳ್ಳದಂತೆ ಬಯಾಸ್‌ನಲ್ಲಿ ಹೊಂದಿಸಬೇಕು. ಯುಪಿಎಸ್ ಇದ್ದರೆ ಅದರ ಯುಎಸ್‌ಬಿ ತಂತಿಯನ್ನು ಗಣಕಕ್ಕೆ ಜೋಡಿಸಿ, ಬ್ಯಾಟರಿ ಮುಗಿಯುವ ಮುನ್ನ ಗಣಕ ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡು ಮಾಡಬೇಕು. ಆ ತಂತಿಯಿಲ್ಲದ, ನೋಡಿಕೊಳ್ಳುವವರೂ ಇಲ್ಲದ ಯುಪಿಎಸ್ ಅಪಾಯವನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳುತ್ತದೆಯೇ ಹೊರತು ತಪ್ಪಿಸುವುದಿಲ್ಲ. ಇಷ್ಟೆಲ್ಲ ಮಾಡಿದರೂ ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಪ್ರತಿ ತೆಗೆಯುವ ಕೆಲಸ ತಪ್ಪುವುದಿಲ್ಲ. ನೀರು, ಸಿಡಿಲು, ಕಳ್ಳತನಗಳಿಗೆ ಯಾವ ಜರ್ನಲ್‌ನಲ್ಲೂ ಪರಿಹಾರವಿಲ್ಲ.

ತರಗತಿಯಲ್ಲಿ ಒಂದು ಪ್ರಯೋಗ

ಈ ಮಾತುಗಳನ್ನು ನಂಬಬೇಕಿಲ್ಲ, ಪರೀಕ್ಷಿಸಬಹುದು. ಬೇಡವಾದ ಹಳೆಯ ಗಣಕವೊಂದನ್ನು ತೆಗೆದುಕೊಳ್ಳಿ. ಡಿಸ್ಕಿನಲ್ಲಿ ಬೇಕಾದ್ದೇನೂ ಇರಬಾರದು. 1, 2, 3 ಎಂದು ಸಂಖ್ಯೆಗಳನ್ನು ಕಡತಕ್ಕೆ ಬರೆದು, ಪ್ರತಿ ಸಲವೂ ಎಫ್‌ಸಿಂಕ್ ಆಜ್ಞೆ ಕೊಟ್ಟು, ಅದು ಮುಗಿದ ಮೇಲೆಯೇ ಆ ಸಂಖ್ಯೆಯನ್ನು ಜಾಲದ ಮೂಲಕ ಪಕ್ಕದ ಗಣಕಕ್ಕೆ ಕಳಿಸುವ ಪುಟ್ಟ ಕ್ರಮವಿಧಿಯನ್ನು ವಿದ್ಯಾರ್ಥಿಗಳಿಂದ ಬರೆಸಿ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಸಾಕು. ಅದು ನಡೆಯುತ್ತಿರುವಾಗ ಮೊದಲ ಗಣಕದ ವಿದ್ಯುತ್ತನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಿ. ಮತ್ತೆ ಚಾಲನೆ ಕೊಟ್ಟು ಕಡತದ ಕೊನೆಯ ಸಂಖ್ಯೆಯನ್ನು ನೋಡಿ. ಪಕ್ಕದ ಗಣಕ ಕಂಡ ಕೊನೆಯ ಸಂಖ್ಯೆಗಿಂತ ಅದು ಕಡಿಮೆಯಿದ್ದರೆ ಎಲ್ಲೋ ಒಂದು ಕೊಂಡಿ ಮಾತಿಗೆ ತಪ್ಪಿದೆ ಎಂದರ್ಥ. ಹತ್ತಿಪ್ಪತ್ತು ಸಲ ಮಾಡಿ ಪಟ್ಟಿ ಬರೆಯಿರಿ. ಬ್ಯಾರಿಯರ್ ತೆಗೆದು ಮತ್ತೆ ಮಾಡಿ. ಬಳಿಕ ಎಫ್‌ಸಿಂಕ್ ಇಲ್ಲದೆ ಮಾಡಿ. ಎಷ್ಟು ಸೆಕೆಂಡಿನ ಕೆಲಸ ಕಳೆದುಹೋಯಿತೆಂದು ಲೆಕ್ಕ ಹಾಕಿ. ಬ್ರ್ಯಾಡ್ ಫಿಟ್ಸ್‌ಪ್ಯಾಟ್ರಿಕ್ ಬರೆದ ‘ಡಿಸ್ಕ್‌ಚೆಕರ್’ ಎಂಬ ಕ್ರಮವಿಧಿಯ ತತ್ತ್ವವೂ ಇದೇ. ನಿಯಂತ್ರಿತ ಪ್ರಯೋಗ ಎಂದರೇನು, ಒಂದೇ ಸಲದ ಫಲಿತಾಂಶವನ್ನು ಏಕೆ ನಂಬಬಾರದು ಎಂಬುದನ್ನು ಕಲಿಸಲು ಇದಕ್ಕಿಂತ ಅಗ್ಗದ ಸಾಧನ ಸಿಗಲಾರದು.

ಒಂದು ಕಡತ ವ್ಯವಸ್ಥೆಯನ್ನು ಹೊಗಳುವ ಮುನ್ನ ಕೇಳಬೇಕಾದ್ದು ಅದು ಎಷ್ಟು ಬೇಗ ಬರೆಯುತ್ತದೆ ಎಂದಲ್ಲ. ‘ಬರೆದೆ’ ಎಂದಾಗ ನಿಜವಾಗಿ ಬರೆದಿರುತ್ತದೆಯೇ ಎಂದು. ನಿರಂತರ ವಿದ್ಯುತ್ತಿರುವ ಕಡೆ ಹುಟ್ಟಿದ ತಂತ್ರಜ್ಞಾನವನ್ನು ನಾವು ಬಳಸುತ್ತಿದ್ದೇವೆ. ಅದನ್ನು ನಮ್ಮ ಮಳೆ, ನಮ್ಮ ತಂತಿ, ನಮ್ಮ ಶಾಲೆಗಳ ಅಳತೆಗೋಲಿನಿಂದ ಅಳೆಯುವ ಕೆಲಸವನ್ನು ನಾವೇ ಮಾಡಬೇಕು.